ಸೋಮವಾರದ ಬೀನ್ಸು

ಸೋಮವಾರ ನಮ್ಮ ಕಡೆ ಈಶ್ವರನ ವಾರ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಅದು ಕೆಂಪು ಬೀನ್ಸಿನ ವಾರ. ಇದಕ್ಕೆ ಯಾವ ಪುರಾಣದ ಆಧಾರವೂ ಇಲ್ಲ. ಇರುವುದು ಕೊಳೆ ಬಟ್ಟೆಯ ಆಧಾರ. ಹಿಂದೆ ಅಲ್ಲಿ ಸೋಮವಾರವೆಂದರೆ ಬಟ್ಟೆ ಒಗೆಯುವ ದಿನ. ನೀರು ಕಾಯಿಸಿ, ಉಜ್ಜಿ, ಹಿಂಡಿ, ಒಣಹಾಕುವಷ್ಟರಲ್ಲಿ ಹೆಂಗಸರ ಸೊಂಟ ಬಿದ್ದುಹೋಗುತ್ತಿತ್ತು. ಒಲೆಯ ಮುಂದೆ ನಿಲ್ಲಲು ಪುರುಸೊತ್ತೆಲ್ಲಿ? ನೆನೆಹಾಕಿದ ಬೀನ್ಸನ್ನೂ ಭಾನುವಾರದ ಊಟದಲ್ಲಿ ಉಳಿದ ಹಂದಿತೊಡೆಯ ಮೂಳೆಯನ್ನೂ ಪಾತ್ರೆಗೆ ಹಾಕಿ ಒಲೆಯ ಮೇಲೆ ಬಿಟ್ಟರೆ, ಸಂಜೆ ಬಟ್ಟೆ ಮಡಚುವ ಹೊತ್ತಿಗೆ ಅದರ ಪಾಡಿಗೆ ಅದು ಬೆಂದಿರುತ್ತಿತ್ತು. ಈಗ ಮನೆಮನೆಗೂ ವಾಷಿಂಗ್ ಮಷಿನ್ ಬಂದಿದೆ. ಆದರೂ ಅಲ್ಲಿನ ಎಷ್ಟೋ ಹೋಟೆಲುಗಳಲ್ಲಿ ಸೋಮವಾರ ಬೀನ್ಸು-ಅನ್ನ ತಪ್ಪುವುದಿಲ್ಲ. ಕಾರಣ ಹೋಗಿ ಆಚಾರ ಉಳಿಯುವುದನ್ನು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನಂಥ ಸೋಮಾರಿಗೆ ಈ ಅಡುಗೆ ಹಿಡಿಸಿದ್ದೂ ಇದೇ ಗುಣಕ್ಕೆ. ದೋಸೆ ಕಾವಲಿಯ ಮುಂದಿನಿಂದ ಕದಲಲು ಬಿಡುವುದಿಲ್ಲ. ಹಾಲಂತೂ ನಾವು ಬೆನ್ನು ತಿರುಗಿಸುವುದನ್ನೇ ಕಾಯುತ್ತಿರುತ್ತದೆ. ಬೀನ್ಸಿಗೆ ಇಂಥ ಹಟವಿಲ್ಲ. ಮೊದಲಿಗೆ ಈರುಳ್ಳಿ, ಸೆಲರಿ, ದಪ್ಪಮೆಣಸಿನಕಾಯಿ ಹೆಚ್ಚಿ ಬಾಡಿಸಬೇಕು, ಅಷ್ಟೆ. ನ್ಯೂ ಆರ್ಲಿಯನ್ಸ್‌ನ ಕ್ರಿಯೋಲ್ ಶೈಲಿಯ ಅಡುಗೆಯವರು ಈ ಮೂರನ್ನು 'ಹೋಲಿ ಟ್ರಿನಿಟಿ' ಎಂದು ಕರೆದು, ಬೆಳ್ಳುಳ್ಳಿಗೆ 'ಪೋಪ್' ಪದವಿ ಕೊಟ್ಟಿದ್ದಾರೆ. ತಲೆಮಾರುಗಳಿಂದ ಸಿಡಿಯುತ್ತಲೇ ಬಂದ ನಮ್ಮ ಸಾಸಿವೆಗೆ ಒಂದು ಸಣ್ಣ ಮಠವನ್ನೂ ಯಾರೂ ಕೊಟ್ಟಿಲ್ಲ.

ಆಮೇಲೆ ಥೈಮ್, ಬೇ ಎಲೆ, ಖಾರದ ಪುಡಿ; ಮಾಂಸ ತಿನ್ನುವವರಿಗೆ ಹೊಗೆ ಹಾಕಿದ ಅಂಡೂಯಿ ಸಾಸೇಜು. ನಮ್ಮ ಮನೆಯಲ್ಲಿ ಅದು ನಡೆಯದು, ಹೊಗೆವಾಸನೆಯ ಪ್ಯಾಪ್ರಿಕಾ ಪುಡಿಯಲ್ಲೇ ಸಮಾಧಾನ. ಕುಕ್ಕರಿನಲ್ಲಿ ನಾಲ್ಕು ಕೂಗು ಕೂಗಿಸಿದರೂ ಕಾಳು ಬೇಯುತ್ತದೆ, ನಿಜ. ಆದರೆ ಈ ಅಡುಗೆಯ ಸುಖವೆಲ್ಲ ಕೊನೆಯ ಅರ್ಧ ಗಂಟೆಯಲ್ಲಿದೆ. ಬೆಂದ ಕಾಳನ್ನು ಒಂದಿಷ್ಟು ಸೌಟಿನ ಬೆನ್ನಿನಿಂದ ಪಾತ್ರೆಯ ಗೋಡೆಗೆ ಒತ್ತಬೇಕು. ಸಿಪ್ಪೆ ಜಾರಿ ಒಳಗಿನ ಹಿಟ್ಟು ಹೊರಗೆ ಬರುತ್ತದೆ. ತೆಳ್ಳಗಿದ್ದ ಕೆಂಪು ನೀರು ನೋಡನೋಡುತ್ತ ಗಟ್ಟಿಯಾಗಿ, ಗುಳ್ಳೆಗಳು ನಿಧಾನವಾಗಿ 'ಗುಬ್' ಎಂದು ಒಡೆಯತೊಡಗುತ್ತವೆ. ಮುಚ್ಚಿದ ಕುಕ್ಕರಿನೊಳಗೆ ಇದನ್ನೆಲ್ಲ ಯಾರು ನೋಡಬೇಕು?

ಈ ಅಡುಗೆ ಅಲ್ಲಿಗೆ ಬಂದದ್ದಕ್ಕೂ ಒಂದು ಕಥೆಯಿದೆ. ಹೈಟಿಯ ಕ್ರಾಂತಿಯ ಕಾಲದಲ್ಲಿ ಊರು ಬಿಟ್ಟು ಕ್ಯೂಬಾ ಸೇರಿದ್ದ ಸಾವಿರಾರು ಜನ 1809ರ ಸುಮಾರಿಗೆ ನ್ಯೂ ಆರ್ಲಿಯನ್ಸ್‌ಗೆ ಬಂದಿಳಿದರು. ಬೀನ್ಸು-ಅನ್ನದ ರುಚಿಯನ್ನು ಅವರೇ ತಂದರು ಎನ್ನುವವರಿದ್ದಾರೆ. ಯಾರೇ ತಂದಿರಲಿ, 1901ರಲ್ಲಿ ಆ ಊರಲ್ಲಿ ಹುಟ್ಟಿದ ಜಾಜ್ ದೊರೆ ಲೂಯಿ ಆರ್ಮ್‌ಸ್ಟ್ರಾಂಗ್‌ಗೆ ಇದರ ಹುಚ್ಚು ಎಷ್ಟಿತ್ತೆಂದರೆ, ಪತ್ರದ ಕೊನೆಗೆ ಬೀನ್ಸು-ಅನ್ನದ ಹೆಸರು ಹೇಳಿ ಸಹಿ ಹಾಕುತ್ತಿದ್ದ. ನಾವಿನ್ನೂ 'ತಮ್ಮ ವಿಧೇಯ'ದಲ್ಲೇ ಇದ್ದೇವೆ. 'ಇತಿ ತಮ್ಮ ಬಿಸಿಬೇಳೆಬಾತ್' ಎಂದು ಕಚೇರಿಗೆ ಅರ್ಜಿ ಬರೆಯುವ ಧೈರ್ಯ ನನಗಂತೂ ಇಲ್ಲ.

ನಮ್ಮ ಮನೆಯಾಕೆ ಮೊದಲ ತುತ್ತಿಗೇ, "ಇದು ರಾಜ್ಮಾನೇ ಅಲ್ವೇನ್ರೀ?" ಎಂದಳು. ಕಾಳು ಅದೇ, ಮಾಡುವ ದಾರಿ ಬೇರೆ ಎಂದು ನಾನು ಹೈಟಿಯಿಂದ ಶುರುಮಾಡಿ ಕ್ಯೂಬಾ ತಲಪುವಷ್ಟರಲ್ಲಿ ಅವಳ ತಟ್ಟೆ ಖಾಲಿಯಾಗಿತ್ತು.

ನೀವೂ ಮಾಡುವುದಾದರೆ ಒಂದು ಮಾತು. ಸಣ್ಣ ಉರಿಯ ಅಡುಗೆ ಎಂದು ಮೊದಲಿಂದಲೇ ಉರಿ ಸಣ್ಣ ಮಾಡಬೇಡಿ. ಅರೆಬೆಂದ ರಾಜ್ಮಾದಲ್ಲಿ ವಾಂತಿ-ಭೇದಿ ತರಿಸುವ ವಿಷದ ಅಂಶ ಉಳಿದಿರುತ್ತದೆ. ರಾತ್ರಿ ನೆನೆಸಿದ ನೀರು ಚೆಲ್ಲಿ, ಹೊಸ ನೀರಿನಲ್ಲಿ ಅರ್ಧ ಗಂಟೆ ಗಳಗಳ ಕುದಿಸಿ. ಸೋಮಾರಿತನ ಏನಿದ್ದರೂ ಆಮೇಲೆ.