ಭಾವನ ವಾಚು

ನಮ್ಮ ಭಾವನನ್ನು ಗಂಟೆ ಎಷ್ಟೆಂದು ಕೇಳಬಾರದು. ಕೇಳಿದರೆ ತೋಳು ಮಡಚಿ, ಗುಂಡಿ ಒತ್ತಿ, "ಎಪ್ಪತ್ತೆರಡು" ಅನ್ನುತ್ತಾರೆ. ಅದು ಎದೆಬಡಿತ. ಗಂಟೆ ಬೇಕಾದವರು ಅಡುಗೆಮನೆಯಲ್ಲಿರುವ ಅಕ್ಕನನ್ನೇ ಕೇಳಬೇಕು.

ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರ ಪರ್ವತ ಹತ್ತಲು ಹೊರಟ ದಿನ, ಬೆಳಗಿನ ಜಾವ ಭಾವ ರಸ್ತೆಯ ನಡುವೆ ನಿಂತು ಎಡಗೈಯನ್ನು ಆಕಾಶಕ್ಕೆ ಎತ್ತಿದರು. "ಉಪಗ್ರಹ ಸಿಗ್ತಾ ಇದೆ, ಅಲ್ಲಾಡಬೇಡ." ದೇವಸ್ಥಾನದ ಕಡೆ ಹೊರಟಿದ್ದ ಅಜ್ಜಿಯೊಬ್ಬರು ಏನೋ ಹರಕೆ ಇರಬೇಕೆಂದು ತಾವೂ ಆ ದಿಕ್ಕಿಗೊಮ್ಮೆ ಕೈಮುಗಿದು ಹೋದರು.

ಕಾಡು ಶುರುವಾಯಿತು, ಪಾಠವೂ ಶುರುವಾಯಿತು. ಜಿಪಿಎಸ್ ಉಪಗ್ರಹಗಳಿರುವುದು 20,200 ಕಿ.ಮೀ. ಮೇಲೆ. ಅಲ್ಲಿಂದ ಸಂಕೇತ ಬರಲು ಹಿಡಿಯುವ ಹೊತ್ತೇ ದೂರದ ಲೆಕ್ಕ. ಆ ಲೆಕ್ಕದಲ್ಲಿ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು ತಪ್ಪಿದರೂ 300 ಮೀಟರ್ ಹೆಚ್ಚುಕಡಿಮೆ. ಇಷ್ಟೆಲ್ಲ ಬಲ್ಲ ಭಾವ ನನ್ನ ಮದುವೆಗೆ ಬಂದದ್ದು ಧಾರೆ ಮುಗಿದು ಎರಡನೇ ಪಂಕ್ತಿ ಕೂತ ಮೇಲೆ.

ದಾರಿ ನಡುವೆ ಊಟ ಸಿಗುವ ಭಟ್ಟರ ಮನೆ ತಲುಪಿದಾಗ ನನ್ನ ಫೋನಿನಲ್ಲಿ 5.1 ಕಿ.ಮೀ., ಭಾವನ ವಾಚಿನಲ್ಲಿ 6.2. ಭಾವನಿಗೆ ನನ್ನ ಮೇಲೆ ಕರುಣೆ ಉಕ್ಕಿತು. "ನೋಡಯ್ಯಾ, ಮರದ ಕೆಳಗೆ ಸಿಗ್ನಲ್ ಸೊರಗುತ್ತೆ. ಬಂಡೆಗೆ ಬಡಿದು ಸುತ್ತಿಬಳಸಿ ತಡವಾಗಿ ಬರುತ್ತೆ. ಆಗ ನಾವಿರೋ ಚುಕ್ಕೆ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹಾರುತ್ತೆ. ಆ ಚುಕ್ಕೆಗಳನ್ನೆಲ್ಲ ಸೇರಿಸಿದರೆ ಇಲ್ಲದ ದೂರ ಸೇರಿಕೊಳ್ಳುತ್ತೆ."

"ಹಾಗಾದ್ರೆ ಜಾಸ್ತಿ ತೋರಿಸ್ತಿರೋದು ನಿಮ್ದಲ್ವಾ ಭಾವಾ?"

"ನಿನ್ನ ಫೋನು ತೋರಿಸ್ತಿರೋದು ನೀನು ನಡೆದದ್ದು. ನಾನು ನಡೆದದ್ದು ಬೇರೆ."

ಶೇಷ ಪರ್ವತ ದಾಟಿ, 1712 ಮೀಟರಿನ ತುದಿ ಮುಟ್ಟಿ, ಅಲ್ಲಿ ವಾಚಿನ ಪಟವನ್ನೂ ಬೆಟ್ಟದ ಪಟವನ್ನೂ ತೆಗೆದುಕೊಂಡು (ಬೆಟ್ಟದ್ದು ಒಂದೇ) ಇಳಿದೆವು. ಮತ್ತೆ ಭಟ್ಟರ ಮನೆ. ಅನ್ನ, ಸಾರು, ಮಜ್ಜಿಗೆ. ಊಟದ ಹೊತ್ತಿನಲ್ಲಿ ವಾಚನ್ನು ನಿಲ್ಲಿಸಲು ಭಾವ ಮರೆತಿದ್ದರು. ನಾವು ಚಕ್ಕಳಮಕ್ಕಳ ಹಾಕಿ ಕೂತಿದ್ದಷ್ಟು ಹೊತ್ತೂ ಚುಕ್ಕೆ ಕೂರಲಿಲ್ಲ. ಕೈತೊಳೆದು ನೋಡಿದರೆ 340 ಮೀಟರ್ ಜಮೆಯಾಗಿತ್ತು. ನಕ್ಷೆಯಲ್ಲಿ ಭಾವ ಪಕ್ಕದ ಕಣಿವೆಯ ಮೇಲೆ ಗಾಳಿಯಲ್ಲೇ ಮೂರು ಸಲ ಅಡ್ಡಾಡಿ ಬಂದಿದ್ದರು. ಅಳಿಸಿ ಅಂದೆ. "ಬಡಿಸುವಾಗ ಎದ್ದಿದ್ದೆನಲ್ಲ, ಉಪ್ಪಿಗೆ," ಎಂದರು.

ಆಮೇಲೆ ಗ್ರಹಚಾರ ತಿರುಗಿತು. ಬ್ಯಾಟರಿ ಇಳಿದಿತ್ತು. ಸೆಕೆಂಡಿಗೊಂದು ಚುಕ್ಕೆಯ ಬದಲು ನಿಮಿಷಕ್ಕೊಂದು ಚುಕ್ಕೆ ಇಡುವ ಉಳಿತಾಯಕ್ಕೆ ವಾಚನ್ನು ಹಾಕಿದರು. ಕಾಡಿನ ತಿರುವು ತಿರುವಿನಲ್ಲಿ ನಾವು ಹಾವಿನಂತೆ ಇಳಿದೆವು, ವಾಚು ಕಾಗೆಯಂತೆ ಹಾರಿತು. ಬೆಳಿಗ್ಗೆ 6.2 ಇದ್ದ ಅದೇ ದಾರಿ ಸಂಜೆಗೆ 4.3 ಆಗಿತ್ತು.

ಕಳೆದುಹೋದ ಆ 1.9ಕ್ಕೆ ಭಾವ ಪಟ್ಟ ಸಂಕಟವನ್ನು ಪರ್ಸ್ ಕಳೆದಾಗಲೂ ಪಟ್ಟವರಲ್ಲ. ಮರಗಳನ್ನು ಬೈದರು, ಮೋಡವನ್ನು ಬೈದರು, ಕೊನೆಗೆ ಆ ಉಪಗ್ರಹಗಳ ಒಡೆಯರಾದ ಅಮೆರಿಕದವರಿಗೆ ಬಂದರು. 2000ನೇ ಇಸವಿಯ ಮೇ ತಿಂಗಳವರೆಗೆ ಅವರು ಜನಸಾಮಾನ್ಯರ ಸಿಗ್ನಲ್ಲಿಗೆ ಬೇಕೆಂದೇ ತಪ್ಪು ಬೆರೆಸುತ್ತಿದ್ದರು, ಅದು ನಿಜ. ಆಮೇಲೆ ನಿಲ್ಲಿಸಿದರು ಎಂಬುದನ್ನು ಮಾತ್ರ ಭಾವ ಆ ಸಂಜೆ ನಂಬಲು ತಯಾರಿರಲಿಲ್ಲ.

ಬಸ್‌ಸ್ಟ್ಯಾಂಡಿಗೆ ಬಂದಾಗ ಒಟ್ಟು 24.78. ಕುಂಟುತ್ತಿದ್ದ ಕಾಲಲ್ಲೇ ಬಸ್ಸಿನ ಸುತ್ತ ಪ್ರದಕ್ಷಿಣೆ ಶುರುವಾಯಿತು. "ಹತ್ತೀರಾ, ಇಲ್ಲೇ ಸುತ್ತಾ ಇರ್ತೀರಾ?" ಎಂದು ಕಂಡಕ್ಟರ್ ಸೀಟಿ ಊದಿದಾಗ 24.96. ಭಾವ ಹತ್ತಿದರು, ಕೂತರು, ನಿದ್ದೆ ಹೋದರು. ವಾಚಿನಲ್ಲಿ ಬ್ಯಾಟರಿ ಉಳಿದಿಲ್ಲವೆಂದುಕೊಂಡಿದ್ದೆವು, ಇತ್ತು. ಗುಂಡ್ಯ ದಾಟಿ, ಶಿರಾಡಿ ಘಾಟಿ ಹತ್ತಿ ಸಕಲೇಶಪುರದವರೆಗೂ ಅದು ಲೆಕ್ಕ ಬರೆದಿದೆ. ಅದರ ಪ್ರಕಾರ ಭಾವ ಜೀವಮಾನದಲ್ಲೇ ಅತಿ ವೇಗವಾಗಿ 5 ಕಿ.ಮೀ. ಓಡಿದ್ದು ಆ ರಾತ್ರಿ.

ತಿಂಗಳು ಎರಡಾಯಿತು. ಅಳಿಸಿಲ್ಲ.