ಕೆಂಪು ಸಾರಂಗರೊಡನೆ ಪಥ್ಯಸಂವಾದ

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ಆಳೆತ್ತರವನ್ನು ಮೀರಿದ ತಂತಿಬೇಲಿಯೊಳಗೆ ನಿಂತು ಮೆಲುಕು ಹಾಕುತ್ತಿದ್ದ ಕೆಂಪು ಸಾರಂಗರೊಬ್ಬರು, ಜಗತ್ತಿನ ಪಥ್ಯಪಂಡಿತರೆಲ್ಲರೂ ತಮ್ಮ ಮಾಂಸವನ್ನು ಕೊಂಡಾಡುತ್ತಿರುವ ಈ ಸುಸಮಯದಲ್ಲಿ, ಸ್ತುತಿಗೆ ಪಾತ್ರರಾದವರ ಅಭಿಪ್ರಾಯವನ್ನು ಮಾತ್ರ ಯಾರೂ ಕೇಳಲಿಲ್ಲವೆಂಬ ಕೊರತೆ ನೀಗಲೆಂದು, ನಮ್ಮ ಪ್ರಶ್ನೆಗಳಿಗೆ ಉತ್ತರಿಸಲು ಕೃಪೆಯಿಟ್ಟು ಒಪ್ಪಿದರು.

ಪ್ರಶ್ನೆ: ತಮ್ಮ ನೂರು ಗ್ರಾಂ ಹಸಿಮಾಂಸದಲ್ಲಿ ಸುಮಾರು 22 ಗ್ರಾಂ ಸಸಾರಜನಕವೂ, ಕೇವಲ 2–3 ಗ್ರಾಂ ಮೇದಸ್ಸೂ, ಸಾಲದುದಕ್ಕೆ 3 ಮಿಲಿಗ್ರಾಂ ಕಬ್ಬಿಣವೂ ಇವೆಯೆಂದು ಪಟ್ಟಿಗಳು ಸಾರುತ್ತಿವೆ. ಈ ಸದ್ಗುಣಗಳು ತಮಗೆ ಹೇಗೆ ಪ್ರಾಪ್ತವಾದುವು?

ಉತ್ತರ: ಭಯದಿಂದ, ಸ್ವಾಮಿ. ನನ್ನ ಪೂರ್ವಿಕರು ತೋಳಗಳಿಗೆ ಹೆದರಿ ಓಡಿದರು, ಬೇಟೆನಾಯಿಗಳಿಗೆ ಹೆದರಿ ಓಡಿದರು; ಓಡುವವನ ಸ್ನಾಯು ಪ್ರಾಣವಾಯುವನ್ನು ಕೂಡಿಡಬೇಕಾದುದರಿಂದ ಅದರಲ್ಲಿ ಮಯೋಗ್ಲೋಬಿನ್ ಎಂಬ ದ್ರವ್ಯ ತುಂಬಿ, ಮಾಂಸ ಕಡುಗೆಂಪಾಗಿ, ನೀವು ಮೆಚ್ಚುವ ಕಬ್ಬಿಣ ಅಲ್ಲಿ ನೆಲಸಿತು. ಮದಕಾಲದಲ್ಲಂತೂ ನಾವು ಮೇವನ್ನೇ ಮರೆತು ಸೊರಗುತ್ತೇವೆ. ನಮ್ಮ ಹಸಿವು ನಿಮ್ಮ ಪಟ್ಟಿಯಲ್ಲಿ ‘ಅಲ್ಪ ಮೇದಸ್ಸು’ ಎಂಬ ಬಿರುದನ್ನು ಪಡೆದಿದೆ.

ಪ್ರಶ್ನೆ: ಈ ದೇಶಕ್ಕೆ ತಾವು ವಲಸೆ ಬಂದವರಂತೆ?

ಉತ್ತರ: ಬಂದವರಲ್ಲ, ತರಿಸಲ್ಪಟ್ಟವರು. ಹತ್ತೊಂಬತ್ತನೆಯ ಶತಮಾನದಲ್ಲಿ ಆಂಗ್ಲರು ತಮ್ಮ ಬೇಟೆಯ ವಿನೋದಕ್ಕಾಗಿ ನಮ್ಮನ್ನು ಹಡಗಿನಲ್ಲಿ ಕರೆತಂದರು. ಹಿಡಿದು ತಿನ್ನುವ ಮೃಗವೊಂದೂ ಇಲ್ಲದ ನಾಡಿನಲ್ಲಿ ನಾವು ವೃದ್ಧಿಹೊಂದಿ ಕಾಡನ್ನು ಮೇಯತೊಡಗಿದಾಗ ನಮಗೆ ‘ಪೀಡೆ’ ಎಂದು ಹೆಸರಾಯಿತು. 1930ರ ದಶಕದಲ್ಲಿ ಸರ್ಕಾರವೇ ಸಂಬಳದ ಬೇಟೆಗಾರರನ್ನು ನೇಮಿಸಿ ಕೊಲ್ಲಿಸಿತು. ಆಗಲೂ ನನ್ನ ಮುತ್ತಜ್ಜನಲ್ಲಿ ಇಷ್ಟೇ ಕಬ್ಬಿಣವಿದ್ದಿತು, ಆದರೆ ಶವಗಳು ಗುಡ್ಡಗಳಲ್ಲಿಯೇ ಕೊಳೆತುವು. ಮುಂದೆ ಜರ್ಮನಿಯವರು ಬೆಲೆ ಕೊಡತೊಡಗಿದ ಮೇಲೆ 1969ರಲ್ಲಿ ನಮ್ಮ ಸಾಕಣೆಗೆ ಕಾನೂನು ಒಪ್ಪಿಗೆಯಿತ್ತಿತು. 1969ರಲ್ಲಿ ನಮ್ಮ ಸಾಕಣೆಗೆ ಕಾನೂನು ಒಪ್ಪಿಗೆಯಿತ್ತಿತು. ಈಗ ತೊಡೆ ಯೂರೋಪಿಗೆ, ಎಳೆಗೊಂಬು ಕೊರಿಯಾಕ್ಕೆ.

ಪ್ರಶ್ನೆ: ನಮ್ಮ ಚರಕಸಂಹಿತೆಯೂ ಮೃಗಮಾಂಸಗಳಲ್ಲಿ ಏಣದ ಮಾಂಸವನ್ನು ಶ್ರೇಷ್ಠವೆಂದಿದೆ. ತಮಗೆ ಹೆಮ್ಮೆಯೆನಿಸುವುದಿಲ್ಲವೆ?

ಉತ್ತರ: ಆ ಪ್ರಶಸ್ತಿ ಕೃಷ್ಣಮೃಗಕ್ಕೆ ಸಂದದ್ದು, ವರ್ಷವರ್ಷವೂ ಕೊಂಬನ್ನು ಉದುರಿಸುವ ನಮ್ಮ ಕುಲಕ್ಕಲ್ಲ. ಆತ ಈಗ ನಿಮ್ಮ ರಾಣೆಬೆನ್ನೂರಿನ ಅಭಯಾರಣ್ಯದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಆಶ್ರಯದಲ್ಲಿದ್ದಾನೆ. ಚರಕರ ಮಾತನ್ನು ನಂಬಿ ಅವನನ್ನು ಪಾಕಶಾಲೆಗೆ ಒಯ್ದವನಿಗೆ ಸೆರೆಮನೆಯ ಪಥ್ಯ ದೊರೆಯುವುದು.

ಪ್ರಶ್ನೆ: ಇರಲಿ. ಮೇದಸ್ಸಿಲ್ಲದ ಆಹಾರವೆಂಬುದಾದರೂ ನಿರ್ವಿವಾದವಷ್ಟೆ?

ಉತ್ತರ: ಒಲೆಯವರೆಗೆ ನಿರ್ವಿವಾದ. ಕೊಬ್ಬಿಲ್ಲವೆಂದು ನನ್ನನ್ನು ಆರಿಸಿದ ಮಹಾಶಯರೇ, ಕೊಬ್ಬಿಲ್ಲದ ಮಾಂಸ ಬೆಂಕಿಯಲ್ಲಿ ಒಣಗುತ್ತದೆಂದು ಹಂದಿಯ ಕೊಬ್ಬನ್ನು ಸೂಜಿಯಿಂದ ಒಳಗೆ ಪೋಣಿಸಿ, ಮೇಲೂ ಹೊದಿಸಿ, ಬೆಣ್ಣೆಯಲ್ಲಿ ಹುರಿದು, ಕೆನೆಯ ಸಾರನ್ನು ಸುರಿದು, ಕೊನೆಗೆ ‘ಎಷ್ಟು ಹಗುರ!’ ಎಂದು ಬಾಯೊರಸಿಕೊಳ್ಳುತ್ತಾರೆ. ಕೊಲೆಸ್ಟರಾಲ್ ನನ್ನಲ್ಲಿ ಗೋಮಾಂಸಕ್ಕಿಂತ ಕಡಿಮೆಯೇನಿಲ್ಲವೆಂಬ ಮಾತನ್ನು ಎತ್ತಿದರೆ ಅವರಿಗೆ ಕೇಳಿಸುವುದೇ ಇಲ್ಲ. ಗುಡ್ಡದ ನನ್ನ ಬಂಧುಗಳ ಮೈಯಲ್ಲಿ ಸೀಸದ ಗುಂಡು ಚೂರಾಗಿ, ಕಣ್ಣಿಗೆ ಕಾಣದ ಕಣಗಳು ಗಾಯದಿಂದ ದೂರದ ಮಾಂಸಕ್ಕೂ ಹರಡುತ್ತವೆ. ಖನಿಜಗಳ ಪಟ್ಟಿಯಲ್ಲಿ ಸತು, ಕಬ್ಬಿಣಗಳ ಪಕ್ಕದಲ್ಲಿ ಆ ಸೀಸಕ್ಕೂ ಒಂದು ಸಾಲನ್ನು ದಯಪಾಲಿಸಬಹುದಾಗಿತ್ತು.

ಪ್ರಶ್ನೆ: ಹಾಗಾದರೆ ತಮ್ಮನ್ನು ತಿನ್ನುವುದರಿಂದ ದೇಹ ಕೃಶವಾಗುವುದಿಲ್ಲವೆನ್ನುತ್ತೀರಾ?

ಉತ್ತರ: ಓಡಿದವನನ್ನು ತಿಂದು ಕುಳಿತವನ ಹೊಟ್ಟೆ ಇಳಿಯುವ ವಿಧಾನ ನನಗೆ ತಿಳಿಯದು, ನಾನೂ ಈಗ ಬೇಲಿಯೊಳಗೆ ಕ್ಲೋವರ್ ಮೇಯುತ್ತಾ ನಿಂತಿರುವವನೇ, ಮಂದೆಯವರು ಆಗಾಗ ತೂಕ ನೋಡಿ ಸಂತೋಷಪಡುತ್ತಾರೆ. ಅದಿರಲಿ, ತಮ್ಮ ತೂಕವೆಷ್ಟು?

ಸಂದರ್ಶನದಲ್ಲಿ ಪ್ರಶ್ನಿಸುವ ಅಧಿಕಾರ ಸಂದರ್ಶಕನಿಗೆ ಮಾತ್ರ ಸೇರಿದುದೆಂಬ ನಿಯಮವನ್ನು ನಾನು ಅವರಿಗೆ ವಿನಯಪೂರ್ವಕವಾಗಿ ಜ್ಞಾಪಿಸಬೇಕಾಯಿತು.