ಪಾಸಿಂಗ್ ಆಫೀಸರ್ ರಾಯರು

ಇತರ ನಗರಗಳಲ್ಲಿ ಮನುಷ್ಯನು ನಿವೃತ್ತನಾದರೆ ವೃದ್ಧನಾಗುತ್ತಾನೆ. ಮಂಗಳೂರಿನಲ್ಲಿ ಮಾತ್ರ ಆತನು 'ನಿವೃತ್ತ ಬ್ಯಾಂಕ್ ಅಧಿಕಾರಿ'ಯಾಗುತ್ತಾನೆ. 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಇಲ್ಲಿ ಕೆನರಾ ಬ್ಯಾಂಕಿಗೆ ಮೂಲವಾದ ನಿಧಿಯನ್ನು ಸ್ಥಾಪಿಸಿ, 1924ರಲ್ಲಿ ಕರ್ಣಾಟಕ ಬ್ಯಾಂಕೂ 1931ರಲ್ಲಿ ವಿಜಯಾ ಬ್ಯಾಂಕೂ ಇದೇ ಊರಿನಲ್ಲಿ ಹುಟ್ಟಿ, ನೆರೆಯ ಉಡುಪಿಯಲ್ಲಿ ಇನ್ನೆರಡು ತಲೆಯೆತ್ತಿ, ಈ ಕಡಲತೀರದ ಮಕ್ಕಳೆಲ್ಲ ಗುಮಾಸ್ತರೂ ಮ್ಯಾನೇಜರರೂ ಆಗಿ ಭರತಖಂಡದ ಮೂಲೆಮೂಲೆಗೆ ವರ್ಗವಾಗಿ ಹೋಗಿ, ಕೊನೆಗೆ ಪಿಂಚಣಿ ಸಮೇತರಾಗಿ ಮರಳಿ ಬಂದು ಬಿಜೈ, ಕದ್ರಿ, ಉರ್ವ, ಮಣ್ಣಗುಡ್ಡೆಗಳಲ್ಲಿ ನೆಲಸಿರುತ್ತಾರೆ. ನಾನು ಚಿತ್ರಿಸಹೊರಟಿರುವ ಮಹನೀಯರು ಈ ಸಂತತಿಯವರು. ಹೆಸರನ್ನು ಬಿಡುತ್ತೇನೆ, ರಾಯರೆಂದಷ್ಟೇ ಕರೆಯುತ್ತೇನೆ. ಏಕೆಂದರೆ ಅವರು ನಮ್ಮ ನೆರೆಕರೆಯ ವಾಟ್ಸಾಪ್ ಗುಂಪಿನ ಅಡ್ಮಿನ್ ಆಗಿದ್ದಾರೆ, ನನಗೆ ಈ ಬೀದಿಯಲ್ಲಿ ಇನ್ನೂ ಬಾಳಬೇಕಾಗಿದೆ.

ಸೇವೆಯಲ್ಲಿದ್ದ ಕಾಲದಲ್ಲಿ ರಾಯರು ಪಾಸಿಂಗ್ ಆಫೀಸರ್. ಹಣ ಹಿಂತೆಗೆಯುವ ಚೀಟಿಯೊಂದು ಮೇಜಿಗೆ ಬಂತೆಂದರೆ ಅದರ ಸಹಿಯನ್ನು ಸ್ಪೆಸಿಮನ್ ಕಾರ್ಡಿನ ಸಹಿಯೊಡನೆ ಒಮ್ಮೆ ಕನ್ನಡಕ ಧರಿಸಿಯೂ ಒಮ್ಮೆ ತೆಗೆದೂ ಹೋಲಿಸಿ, ಹಿತ್ತಾಳೆಯ ಟೋಕನ್ ಹಿಡಿದು ಬೆಂಚಿನ ಮೇಲೆ ಕಾಯುತ್ತಿದ್ದ ನನ್ನನ್ನು ಕರೆದು, "ನಿಮ್ಮ ಸಹಿಯ ಕೊನೆಗೆ ಒಂದು ಚುಕ್ಕೆ ಉಂಟಲ್ಲ, ಇದರಲ್ಲಿ ಎಲ್ಲಿ?" ಎಂದು ಕೇಳುತ್ತಿದ್ದರು. ನನ್ನ ಹಣ, ನನ್ನ ಸಹಿ, ಎದುರಿಗೆ ನಿಂತವನೂ ನಾನೇ, ಪರಿಚಯವೋ ಬಾಲ್ಯದ್ದು. ತಥಾಪಿ ಚುಕ್ಕೆ ಬೀಳದೆ ಹಣ ಹೊರಬೀಳುತ್ತಿರಲಿಲ್ಲ. ಆಗ ನಾನು ಅವರನ್ನು ಮನಸ್ಸಿನಲ್ಲಿಯೇ ಶಪಿಸಿದ್ದುಂಟು. ಈಗ ಆಲೋಚಿಸಿದರೆ, ಜನರು ಬೆವರು ಸುರಿಸಿ ಗಳಿಸಿದ ಹಣ ಆ ಬ್ಯಾಂಕುಗಳಲ್ಲಿ ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದುದು ಇಂಥ ಚುಕ್ಕೆಗಳ ಕಾವಲಿನಲ್ಲಿಯೇ.

ಇಂಥವರ ಕೈಗೆ, ಪರದೇಶದಲ್ಲಿರುವ ಮಗನು ರಜೆಗೆ ಬಂದವನು ಒಂದು ಸ್ಮಾರ್ಟ್‌ಫೋನನ್ನಿತ್ತು ಹೋದನು.

ಅಲ್ಲಿಂದ ಮುಂದಿನ ಕಥೆಯನ್ನು ಸಂಕ್ಷೇಪಿಸುತ್ತೇನೆ. ಪ್ರತಿ ಕುಟುಂಬದಲ್ಲಿಯೂ ಒಬ್ಬ ರಾಯರು ಇರುವುದರಿಂದ ಓದುಗರಿಗೆ ಅದು ಅಪರಿಚಿತವಲ್ಲ. ಸೂರ್ಯೋದಯಕ್ಕೆ ಮೊದಲೇ ಕಮಲದ ಮೇಲೆ ಕುಳಿತ 'ಶುಭೋದಯ'. ಅದರ ಬೆನ್ನಿಗೆ ಮಧುಮೇಹಕ್ಕೆ ಕಷಾಯ, ಮಂಡಿನೋವಿಗೆ ಎಣ್ಣೆ, ಏಕಾದಶಿಗೆ ಮಹಾತ್ಮೆ. ಪಂಪ್‌ವೆಲ್ ಮೇಲ್ಸೇತುವೆ ವರ್ಷಾನುವರ್ಷ ಅರ್ಧಕ್ಕೆ ನಿಂತಿದ್ದ ಕಾಲದಲ್ಲಿ ಅದರ ಮೇಲಿನ ಹಾಸ್ಯವೆಲ್ಲ ರಾಯರ ಮುಖಾಂತರವೇ ನಮಗೆ ತಲುಪುತ್ತಿತ್ತು. 2020ರ ಜನವರಿ ಕೊನೆಗೆ ಸೇತುವೆ ತೆರೆದಾಗ, ಸರಬರಾಜು ನಿಂತುಹೋದ ವ್ಯಾಪಾರಿಯಂತೆ ಅವರು ಕೆಲವು ಕಾಲ ಮಂಕಾಗಿದ್ದರು. ಕಳುಹಿಸಿದಷ್ಟರಿಂದಲೇ ಅವರ ಕರ್ತವ್ಯ ಮುಗಿಯುವುದಿಲ್ಲ. ಕಳುಹಿಸಿದ್ದನ್ನು ನೋಡದಿದ್ದರೆ ಫೋನು, ನೋಡಿಯೂ ಸುಮ್ಮನಿದ್ದರೆ, "ಬ್ಲೂ ಟಿಕ್ ಬಂದುಂಟು, ಉತ್ತರ ಇಲ್ಲ, ಎಂತ ಕತೆ?" ಎಂಬ ವಿಚಾರಣೆ, ಫೋನನ್ನೂ ಎತ್ತದಿದ್ದರೆ ಸ್ವತಃ ಬಂದು ನಮ್ಮ ಚಾವಡಿಯಲ್ಲಿ ಕುಳಿತು ಆದ್ಯಂತವಾಗಿ ಓದಿ ಹೇಳುತ್ತಾರೆ. ಮನುಷ್ಯರ ನಡುವಣ ಅಂತರವನ್ನು ಅಳಿಸಬೇಕೆಂದು ಯಂತ್ರವನ್ನು ಕಂಡುಹಿಡಿದವರು ಇಷ್ಟು ಸಮೀಪವನ್ನು ನಿರೀಕ್ಷಿಸಿದ್ದರೋ ಇಲ್ಲವೋ ತಿಳಿಯದು.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಯಾವುದೆಂದರೆ, ಚುಕ್ಕೆಯಿಲ್ಲದ ಸಹಿಯನ್ನು ಹಿಂದಕ್ಕೆ ಕಳುಹಿಸುತ್ತಿದ್ದವರು ಇಂದು ಸಹಿಯೇ ಇಲ್ಲದ ಸುದ್ದಿಗಳನ್ನು ಕಣ್ಣುಮುಚ್ಚಿ ಪಾಸು ಮಾಡುತ್ತಿರುವುದು. ಹತ್ತು ರೂಪಾಯಿಯ ನಾಣ್ಯದಲ್ಲಿ ಇಂತಿಷ್ಟು ಗೆರೆಗಳಿದ್ದರೆ ಮಾತ್ರ ಅಸಲಿ, ಉಳಿದದ್ದೆಲ್ಲ ನಕಲಿ ಎಂಬ ವದಂತಿ ಹಬ್ಬಿದಾಗ ಅದನ್ನು ನಮ್ಮ ಬೀದಿಗೆ ತಂದವರು ಅವರೇ. 2018ರ ಜನವರಿಯಲ್ಲಿ ರಿಸರ್ವ್ ಬ್ಯಾಂಕು, 14 ವಿನ್ಯಾಸದ ನಾಣ್ಯಗಳಿವೆ, ಎಲ್ಲವೂ ಸಿಂಧುವಾದವೇ ಎಂದು ಪ್ರಕಟಿಸಿತು. ನಾನು ಅದನ್ನು ತೋರಿಸಿದೆ. ಜೀವಮಾನವೆಲ್ಲ ಆ ರಿಸರ್ವ್ ಬ್ಯಾಂಕಿನ ಸುತ್ತೋಲೆಗಳನ್ನು ವೇದವಾಕ್ಯವೆಂದು ಫೈಲು ಮಾಡಿದ ರಾಯರು, "ಅವರು ಹಾಗೆ ಹೇಳ್ತಾರೆ, ಆದರೆ ಮೆಸೇಜಿನಲ್ಲಿ ಬೇರೆ ಉಂಟಲ್ಲ" ಎಂದರು.

ಇನ್ನು ನನ್ನದೇ ಕಥೆ. ಬಹು ಹಿಂದೆ ಪತ್ರಿಕೆಯೊಂದರಲ್ಲಿ ಹಲಸಿನ ಹಪ್ಪಳದ ಮೇಲೆ ನಾನೊಂದು ಪ್ರಬಂಧವನ್ನು ಬರೆದಿದ್ದೆನು. ವೈಶಾಖದ ಬಿಸಿಲಿನಲ್ಲಿ ಮಣ್ಣಗುಡ್ಡೆಯ ನಮ್ಮ ಅಜ್ಜಿಯು ಸೊಳೆ ಬೇಯಿಸಿ, ಉಪ್ಪು ಖಾರ ಹಾಕಿ ಅರೆದು, ಉಂಡೆಯನ್ನು ಬಾಳೆಲೆಯ ನಡುವೆ ಮಣೆಯಿಂದ ಒತ್ತಿ, ಅಂಗಳದಲ್ಲಿ ಹರಡಿ, ಕಾಗೆ ಓಡಿಸುವ ಉದ್ಯೋಗಕ್ಕೆ ನನ್ನನ್ನು ನೇಮಿಸುತ್ತಿದ್ದುದೇ ಅದರ ವಸ್ತು. ಒಂದು ಪ್ರಾತಃಕಾಲ ಅದೇ ಪ್ರಬಂಧವು ನನ್ನ ಹೆಸರನ್ನು ಕಳಚಿಕೊಂಡು, ತಮಿಳುನಾಡಿನ ಕಡಲತೀರದಲ್ಲಿ ಹುಟ್ಟಿ ದೇಶಪೂಜ್ಯರಾಗಿ ಕೀರ್ತಿಶೇಷರಾದ ವಿಜ್ಞಾನಿಯೊಬ್ಬರ ಹೆಸರನ್ನೂ ಭಾವಚಿತ್ರವನ್ನೂ ಧರಿಸಿ ನನ್ನ ಫೋನಿಗೇ ಬಂತು. ಕೆಳಗೆ ರಾಯರ ಸ್ವಂತ ಸಾಲು: "ನೀವು ಸಹ ಬರೆಯುವವರು. ಬರೆದರೆ ಹೀಗೆ ಬರೆಯಬೇಕು."

ಕ್ಷಣಕಾಲ ನಾನು ಪುಲಕಿತನಾದೆನೆಂಬುದನ್ನು ಮುಚ್ಚಿಡಲಾರೆ. ಇಷ್ಟು ಕಾಲ ಬರೆದರೂ ರಾಯರ ಬಾಯಿಂದ ಇಂಥ ಮಾತು ಹೊರಟಿರಲಿಲ್ಲ. ಆಮೇಲೆ ಗ್ರಂಥಕರ್ತನ ಅಭಿಮಾನವು ಜಾಗೃತವಾಗಿ ಅವರ ಮನೆಗೆ ಹೋದೆನು.

"ರಾಯರೇ, ಇದು ನಾನು ಬರೆದದ್ದು."

ರಾಯರು ಕನ್ನಡಕವನ್ನು ತೆಗೆದರು. ಆ ಹಳೆಯ ದೃಷ್ಟಿ ಬಹುಕಾಲದ ಮೇಲೆ ಮರಳಿ ಬಂದಿತ್ತು. "ಹೌದಾ? ಪ್ರೂಫ್ ಎಂತ ಉಂಟು?"

ನಾನು ಮನೆಗೆ ಹಿಂದಿರುಗಿ, ಪೆಟ್ಟಿಗೆಯ ತಳದಿಂದ ಪತ್ರಿಕೆಯ ಪುಟವನ್ನು ಹುಡುಕಿ ತಂದೆನು. ಅವರು ಪುಟವನ್ನು ಎಡಗೈಯಲ್ಲಿಯೂ ಫೋನನ್ನು ಬಲಗೈಯಲ್ಲಿಯೂ ಹಿಡಿದು ಸಾಲುಸಾಲಾಗಿ ಹೋಲಿಸಿದರು. "ಇಲ್ಲಿ ಮಡಲು ಅಂತ ಉಂಟು, ಮೆಸೇಜಿನಲ್ಲಿ ಚಾಪೆ ಅಂತ ಉಂಟು. ಟ್ಯಾಲಿ ಆಗುದಿಲ್ಲ."

"ಆ ವಿಜ್ಞಾನಿಗಳಿಗೆ ಮಣ್ಣಗುಡ್ಡೆಯಲ್ಲಿ ಅಜ್ಜಿ ಎಲ್ಲಿಂದ ಬಂದರು?"

"ದೊಡ್ಡವರಿಗೆ ಎಲ್ಲ ಕಡೆ ಸಂಬಂಧ ಇರ್ತದೆ ಮಾರಾಯ್ರೇ."

ಚಾ ತಂದ ಅವರ ಪತ್ನಿ, ಆ ಲೇಖನವನ್ನು ತಾವು ಪತ್ರಿಕೆಯಲ್ಲಿಯೇ ಓದಿದ್ದುದಾಗಿ ಸಾಕ್ಷ್ಯ ನುಡಿದುದರಿಂದ ಮೊಕದ್ದಮೆ ನನ್ನ ಕಡೆಗೆ ತುಸು ವಾಲಿತು. ಸಂಜೆ ಗುಂಪಿನಲ್ಲಿ ತಿದ್ದುಪಡಿ ಹೊರಟಿತು: "ಈ ಲೇಖನ ನಮ್ಮ ನೆರೆಕರೆಯವರದೆಂದು ಹೇಳಲಾಗುತ್ತಿದೆ. ಪರಿಶೀಲಿಸಿ." ವಿಜ್ಞಾನಿಯ ಹಪ್ಪಳಕ್ಕೆ ಕೈಮುಗಿದವರು ಅನೇಕರು, ನನ್ನ ಹಪ್ಪಳಕ್ಕೆ ಯಾರೂ ಮುಗಿಯಲಿಲ್ಲ.

ಈ ವೈಪರೀತ್ಯಕ್ಕೆ ಕಾರಣವೇನೆಂದು ನಾನು ಬಹಳ ಚಿಂತಿಸಿದ್ದೇನೆ. ರಾಯರು ಮೂರ್ಖರಲ್ಲ, ಸುಳ್ಳುಗಾರರಂತೂ ಅಲ್ಲವೇ ಅಲ್ಲ. ಬ್ಯಾಂಕಿನಲ್ಲಿ ತಪ್ಪು ವೋಚರೊಂದು ದಾಟಿಹೋದರೆ, ಪಾಸು ಮಾಡಿದವರು ಯಾರು ಎಂಬ ಪ್ರಶ್ನೆ ಹೆಡ್ ಆಫೀಸಿನಿಂದ ಬಂದೇ ಬರುತ್ತಿತ್ತು. ಉತ್ತರಿಸಬೇಕಾದವನ ಇನಿಷಿಯಲ್ ಕಾಗದದ ಮೇಲೆಯೇ ಇರುತ್ತಿತ್ತು. ಫೋನಿನಲ್ಲಿ ಆ ಪ್ರಶ್ನೆಯನ್ನು ಕೇಳುವವರಿಲ್ಲ. ಅಲ್ಲಿ ಎಲ್ಲರೂ ಪಾಸಿಂಗ್ ಆಫೀಸರರು, ಇನಿಷಿಯಲ್ ಯಾರದೂ ಇಲ್ಲ. 1843ರ ಜುಲೈ 1ರಂದು ಇದೇ ಊರಿನಲ್ಲಿ ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಕನ್ನಡದ ಮೊದಲ ಪತ್ರಿಕೆಯಾದ 'ಮಂಗಳೂರು ಸಮಾಚಾರ'ವನ್ನು ಹೊರಡಿಸಿದಾಗ, ಅಕ್ಷರಗಳನ್ನು ಕಲ್ಲಚ್ಚಿನಲ್ಲಿ ಮೂಡಿಸಿ ಹದಿನೈದು ದಿವಸಕ್ಕೊಮ್ಮೆ ಊರಿನ ಕೈಗಿಡುತ್ತಿದ್ದರು. ಅಷ್ಟು ಶ್ರಮಪಟ್ಟು ಹೊರಡಿಸತಕ್ಕ ವಾರ್ತೆಯ ಕುರಿತು, ಇದು ನಿಜವೋ ಎಂದು ನಡುವೆ ಒಮ್ಮೆಯಾದರೂ ತೋಚದಿರಲಾರದು. ಹೆಬ್ಬೆರಳಿಗೆ ಅಂಥ ವಿರಾಮವೆಲ್ಲಿಯದು?

ನಗುವಂತಿಲ್ಲದ ಪ್ರಸಂಗಗಳೂ ಇವೆ. 2018ರ ಜುಲೈಯಲ್ಲಿ ಬೀದರ್ ಜಿಲ್ಲೆಯಲ್ಲಿ, ಶಾಲೆಯ ಮಕ್ಕಳಿಗೆ ಚಾಕಲೇಟು ಕೊಟ್ಟ, ಹೈದರಾಬಾದಿನಿಂದ ಬಂದ ಯುವಕರನ್ನು ಮಕ್ಕಳ ಕಳ್ಳರೆಂದು ಸಾರಿದ ಸಂದೇಶವು ಅವರ ಕಾರಿಗಿಂತ ಮೊದಲೇ ಮುಂದಿನ ಊರಾದ ಮುರ್ಕಿಯನ್ನು ತಲುಪಿ, ಕೂಡಿದ ಜನರು ಅವರಲ್ಲೊಬ್ಬ ಎಂಜಿನಿಯರನನ್ನು ಹೊಡೆದು ಕೊಂದರು. ಬಂಧಿತರಲ್ಲಿ ವಾಟ್ಸಾಪ್ ಗುಂಪೊಂದರ ಅಡ್ಮಿನ್ ಕೂಡ ಇದ್ದನು. ಆ ವಾರ್ತೆಯನ್ನೋದಿದ ಮೇಲೆ ರಾಯರು ಕೆಲವು ದಿವಸ ಕಮಲವನ್ನು ಬಿಟ್ಟು ಬೇರೆ ಏನನ್ನೂ ಕಳುಹಿಸಲಿಲ್ಲ. ಅದೇ ತಿಂಗಳಲ್ಲಿ ವಾಟ್ಸಾಪ್ ಕಂಪೆನಿಯವರು, ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚು ದಾಟಿಸಕೂಡದೆಂಬ ಮಿತಿ ಹಾಕುವುದಾಗಿ ಸಾರಿದರು. ರಾಯರು ಚೇತರಿಸಿಕೊಂಡು ಐದೈದರ ಕಂತಿನಲ್ಲಿ ಕಳುಹಿಸತೊಡಗಿದರು. ಕಂತುಗಳ ವ್ಯವಹಾರ ಅವರಿಗೆ ಹೊಸದೇನಲ್ಲ.

2019ರ ಡಿಸೆಂಬರ್ 19ರಂದು ನಗರದಲ್ಲಿ ಪೊಲೀಸರ ಗೋಲಿಬಾರಿಗೆ ಇಬ್ಬರು ಬಲಿಯಾಗಿ, ಕರ್ಫ್ಯೂ ಬಿದ್ದು, ಮೊಬೈಲ್ ಇಂಟರ್ನೆಟ್ಟನ್ನೂ ನಿಲ್ಲಿಸಿದರು. ಮರುದಿನ ಬೆಳಗ್ಗೆ ಕಮಲ ಅರಳಲಿಲ್ಲ. ರಾಯರು ಕಂಪೌಂಡಿನ ಗೋಡೆಯ ಬಳಿ ಬರಿಗೈಯಲ್ಲಿ ನಿಂತಿದ್ದರು. ಪೇಟೆಯ ಕಡೆ ಏನಾಗಿದೆಯೆಂದು ಕೇಳಿದೆನು. "ಗೊತ್ತಿಲ್ಲ ಮಾರಾಯ್ರೇ" ಎಂದರು. ಫೋನು ಬಂದಂದಿನಿಂದ ಆ ಮಾತು ಅವರ ಬಾಯಿಂದ ಹೊರಟುದನ್ನು ನಾನು ಕೇಳಿರಲಿಲ್ಲ. ಆಮೇಲೆ ತಮ್ಮ ಬ್ಯಾಂಕಿನ ಕಥೆ ತೆಗೆದರು: ಕೂಲಿಯವಳೊಬ್ಬಳು ಕೂಡಿಟ್ಟ ದುಡ್ಡಿಗೆ ಹೆಬ್ಬೆಟ್ಟು ಒತ್ತಲು ಬರುತ್ತಿದ್ದುದು, ಒಮ್ಮೆ ಆಕೆಯ ಮಗನೇ ಕಳ್ಳ ಗುರುತು ಒತ್ತಿ ತಂದುದು, ತಾವು ಅದನ್ನು ಹಿಡಿದು ಚೀಟಿಯನ್ನು ಹರಿದು ಹಾಕಿ ಆಕೆಗೆ ಏನೂ ಹೇಳದೆ ಇದ್ದುದು. ಬೆಳಗಿನ ಬಿಸಿಲು ಏರುವವರೆಗೂ ಹೇಳಿದರು. ಅಷ್ಟು ಸ್ವಾರಸ್ಯವಾದ ಒಂದು ಸಂದೇಶವನ್ನೂ ಅವರು ನನಗೆ ಅಂದಿನವರೆಗೆ ಕಳುಹಿಸಿರಲಿಲ್ಲ. ಬ್ಯಾಂಕುಗಳ ವಿಲೀನದಿಂದಾಗಿ ವಿಜಯಾ ಎಂಬ ಹೆಸರು ಆ ವರ್ಷದ ಏಪ್ರಿಲಿನಲ್ಲಿಯೇ ಬೋರ್ಡುಗಳಿಂದ ಇಳಿದಿತ್ತು. ಮರುವರ್ಷ ಅದೇ ತಿಂಗಳಲ್ಲಿ ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಶನ್, ಸಿಂಡಿಕೇಟ್ ಎಂಬವೂ ಇಳಿದುವು. ಮೂರರಲ್ಲಿ ರಾಯರದು ಯಾವುದೆಂಬುದು ಇಲ್ಲಿ ಬೇಡ. ಅದರ ಹೆಸರು ಈಗ ಉಳಿದಿರುವುದು ನಿವೃತ್ತರ ವಾಟ್ಸಾಪ್ ಗುಂಪಿನ ತಲೆಯ ಮೇಲೆ ಮಾತ್ರ.

ಇಂಟರ್ನೆಟ್ ಮರಳಿದ ಬೆಳಗ್ಗೆ ತಡೆದಿದ್ದ ಕಮಲಗಳೆಲ್ಲ ಒಟ್ಟಿಗೆ ಅರಳಿದುವು. 2022ರಲ್ಲಿ ಗುಂಪನ್ನು ಸದ್ದಿಲ್ಲದೆ ಬಿಡುವ ಸೌಕರ್ಯ ಬಂದಾಗ ನನಗೆ ಮುಕ್ತಿಯ ಆಸೆ ಹುಟ್ಟಿತ್ತು. ಆದರೆ ಬಿಟ್ಟ ಸೂಚನೆ ಅಡ್ಮಿನ್‌ಗೆ ಮಾತ್ರ ಹೋಗುವುದಂತೆ. ಆದ್ದರಿಂದ ಇಂದಿಗೂ ಅದರಲ್ಲಿಯೇ ಇದ್ದೇನೆ. ಓದುಗರಲ್ಲಿ ನನ್ನದೊಂದೇ ವಿಜ್ಞಾಪನೆ: ಈ ಬರಹವು ಮುಂದೊಮ್ಮೆ ಯಾರಾದರೊಬ್ಬ ಮಹಾಪುರುಷರ ಹೆಸರಿನಲ್ಲಿ, ಭಾವಚಿತ್ರ ಸಮೇತವಾಗಿ ನಿಮ್ಮ ಫೋನಿಗೆ ಬಂದರೆ ದಯವಿಟ್ಟು ನನಗೆ ಕಳುಹಿಸಬೇಡಿ. ರಾಯರು ಆಗಲೇ ಕಳುಹಿಸಿರುತ್ತಾರೆ.